ಎರಡು ತಟ್ಟು

ಮಾರುಕಟ್ಟೆಯಲ್ಲಿ ಅವನನ್ನು ಎಲ್ಲರೂ ಚೊಕ್ಕಣ್ಣ ಎಂದೇ ಕರೆಯುತ್ತಿದ್ದರು. ಹೆತ್ತವರಿಟ್ಟ ಹೆಸರು ಬೇರೆಯೇ ಇತ್ತು, ಆದರೆ ಲೈಸೆನ್ಸಿನ ಮೇಲೆ ಬಿಟ್ಟರೆ ಅದು ಬೇರೆಲ್ಲೂ ಚಾಲ್ತಿಯಲ್ಲಿರಲಿಲ್ಲ. ಉಳಿದ ಡ್ರೈವರುಗಳು ಗಾಡಿ ನಿಲ್ಲಿಸಿದ ತಕ್ಷಣ ಟೀ ಅಂಗಡಿಯ ದಾರಿ ಹಿಡಿದರೆ, ಇವನು ಬಟ್ಟೆ ಹಿಡಿದು ಗಾಡಿಯ ಮೈ ಒರೆಸಲು ನಿಲ್ಲುತ್ತಿದ್ದ. ಗಾಜಿಗೊಂದು ಬಟ್ಟೆ, ತಗಡಿಗೊಂದು ಬಟ್ಟೆ, ಚಕ್ರಕ್ಕೊಂದು ಬಟ್ಟೆ. ಅಪ್ಪಿತಪ್ಪಿ ಯಾರಾದರೂ ಅವುಗಳಲ್ಲಿ ಕೈ ಒರೆಸಿಕೊಂಡರೆ ಆ ದಿನ ಅವರ ಜೊತೆ ಮಾತುಕತೆ ಬಂದ್. "ಮದುವೆಯಾಗದ ಗಂಡಸು, ಪ್ರೀತಿ ಎಲ್ಲಾದ್ರೂ ಸುರೀಬೇಕಲ್ಲ, ತಗಡಿನ ಮೇಲೆ ಸುರೀತಾನೆ" ಎಂದು ಹಮಾಲರು ಹಲ್ಲು ಕಿಸಿಯುತ್ತಿದ್ದರು. ಅವನಿಗೆ ಸಿಟ್ಟೇನೂ ಬರುತ್ತಿರಲಿಲ್ಲ, ಹೊಗಳಿದರು ಎಂದೇ ತಿಳಿದುಕೊಳ್ಳುತ್ತಿದ್ದ.

ಗಾಡಿ ಬ್ಯಾಟರಿಯಲ್ಲಿ ಓಡುವ ಪಿಕಪ್ಪು. ಅದಕ್ಕೆ ಮುಂಚೆ ಇದ್ದದ್ದು ಭಾವನ ಡೀಸೆಲ್ ಗಾಡಿ. ಭಾವನೆಂದರೆ ಅಕ್ಕನ ಗಂಡ. ಅಪ್ಪ ಅಮ್ಮ ಇಲ್ಲದ ತಮ್ಮನನ್ನು ಅಕ್ಕ ಮದುವೆಯಾಗಿ ಬರುವಾಗ ಬಟ್ಟೆಯ ಗಂಟಿನ ಜೊತೆಗೇ ಕರೆತಂದಿದ್ದಳು. ಭಾವ ಮುಖ ಸಿಂಡರಿಸದೆ ಅವನಿಗೆ ಅನ್ನ ಹಾಕಿದ. ಸ್ಟೇರಿಂಗು ಹಿಡಿಯಲು ಕಲಿಸಿದ, ಹಗ್ಗ ಬಿಗಿಯಲು ಕಲಿಸಿದ, ಯಾವ ಸಾಮಾನು ಯಾವುದರ ಪಕ್ಕದಲ್ಲಿ ಕೂತರೆ ಒಡೆಯುವುದಿಲ್ಲ ಎಂಬುದನ್ನು ಬೈದು ಬೈದು ಕಲಿಸಿದ. ಒಟ್ಟಿನಲ್ಲಿ ಮನುಷ್ಯನನ್ನಾಗಿ ಮಾಡಿದ. ಹಾಗೆಂದು ಭಾವ ಯಾವತ್ತೂ ಹೇಳಿಕೊಂಡು ತಿರುಗಲಿಲ್ಲ, ಅದೊಂದು ಅವನ ದೊಡ್ಡತನ.

ಆಮೇಲೆ ಭಾವನ ಕಣ್ಣು ಕೈಕೊಟ್ಟಿತು. ನರ ಒಣಗುತ್ತಿದೆ, ಇದ್ದಷ್ಟು ದಿನ ಇರುತ್ತದೆ, ಮತ್ತೆ ಚಿಗುರುವುದಿಲ್ಲ ಎಂದು ಡಾಕ್ಟರು ಮುಖಕ್ಕೆ ಹೊಡೆದಂತೆ ಹೇಳಿಬಿಟ್ಟರು. ಭಾವ ಒಪ್ಪಲಿಲ್ಲ. ಕನ್ನಡಕ ಸರಿಯಿಲ್ಲ ಅಂದ, ಬೀದಿ ದೀಪ ಮಂಕು ಅಂದ, ಎದುರಿಗೆ ಬಂದವನಿಗೇ ಲೈಟು ಹಾಕಲು ಬರುವುದಿಲ್ಲ ಅಂದ. ಒಂದು ದಿನ ತರಕಾರಿ ಗಾಡಿಯೊಂದನ್ನು ಸವರಿಕೊಂಡು ಬಂದ ಮೇಲೆ ಬೀಗದ ಕೈಯನ್ನು ತಾನಾಗಿಯೇ ಚೊಕ್ಕಣ್ಣನ ಕೈಗಿಟ್ಟು, ಹಿಂದೆ ಹತ್ತಿ ನಿಂತ. ಅಲ್ಲಿಂದಾಚೆಗೆ ಭಾಮೈದ ಡ್ರೈವರು, ಭಾವ ಲೋಡರು. ಮಾರುಕಟ್ಟೆಯವರು ನಾಲ್ಕು ದಿನ ಗುಸುಗುಸು ಮಾಡಿದರು, ಆಮೇಲೆ ಅವರಿಗೂ ಬೇಸರ ಬಂತು.

ಹಿಂದೆ ನಿಲ್ಲುವುದು ಸುಮ್ಮನೆ ನಿಲ್ಲುವ ಕೆಲಸವಲ್ಲ. ಕೆಲವು ಸಾಮಾನನ್ನು ಎಷ್ಟು ಕಟ್ಟಿದರೂ ತಿರುವಿನಲ್ಲಿ ಒಬ್ಬ ಹಿಡಿದುಕೊಳ್ಳಬೇಕು, ಗಾಡಿ ನಿಧಾನವಾದಾಗ ಆ ಸಾಮಾನಿನ ಮುಂದಿನಿಂದ ಸರಿದು ಮೂಲೆಗೆ ನಿಲ್ಲಬೇಕು. ಯಾಕೆಂದರೆ ಬ್ರೇಕು ಬಿದ್ದಾಗ ಸಾಮಾನು ಕ್ಯಾಬಿನ್ನಿನ ಕಡೆಗೇ ಬರುತ್ತದೆ. ಭಾವ ಅದನ್ನೆಲ್ಲ ಕಿವಿಯಲ್ಲೇ ಮಾಡುತ್ತಿದ್ದ. ಡೀಸೆಲ್ ಇಂಜಿನ್ನಿನ ಸದ್ದು ಸ್ವಲ್ಪ ಇಳಿದರೆ ಸಾಕು, ಚೊಕ್ಕಣ್ಣನ ಕಾಲು ಬ್ರೇಕಿಗೆ ಹೋಗುವ ಮೊದಲೇ ಅವನು ಮೂಲೆಗೆ ಸರಿದಿರುತ್ತಿದ್ದ. ಗೇರು ಬದಲಾಯಿಸಿದ್ದು ಕೇಳಿ "ಮುಂದೆ ಏರು" ಎನ್ನುತ್ತಿದ್ದ. ಕಣ್ಣು ಹೋದರೇನಂತೆ, ತನಗೆ ಗಾಡಿ ಇನ್ನೂ ಕಾಣುತ್ತದೆ ಎಂಬ ಹೆಮ್ಮೆ ಅವನಿಗಿತ್ತು. ಆ ಹೆಮ್ಮೆಯ ಮೇಲೆಯೇ ಅವನು ಬೆಳಿಗ್ಗೆ ಎದ್ದು ಷರ್ಟು ಹಾಕಿಕೊಳ್ಳುತ್ತಿದ್ದ ಎಂದರೆ ಅತಿಯಾಗಲಿಕ್ಕಿಲ್ಲ.

ಹೊಗೆ ಬಿಡುವ ಗಾಡಿಗಳು ಮಾರುಕಟ್ಟೆಯ ಒಳರಸ್ತೆಗೆ ಬರಕೂಡದು ಎಂದು ಆಜ್ಞೆಯಾಯಿತು. ಹಳೆಯದು ಗುಜರಿಗೆ ಹೋಯಿತು, ಚೊಕ್ಕಣ್ಣನ ಹೆಸರಿನಲ್ಲಿ ಹೊಸ ಬ್ಯಾಟರಿ ಪಿಕಪ್ಪು ಬಂತು. ಬಿಳಿ ಬಣ್ಣ, ಮುಖ ಕಾಣುವಷ್ಟು ಹೊಳಪು. ಒಂದೇ ಒಂದು ಸಾಮಾನು ಹೇರುವ ಮೊದಲೇ ಚೊಕ್ಕಣ್ಣ ಗಾಡಿಯ ಹಿಂಬದಿಯ ಬಾಡಿಯೊಳಗೆ ದಪ್ಪ ಕಪ್ಪು ಪ್ಲಾಸ್ಟಿಕ್ಕಿನ ಲೈನರು ಹಾಕಿಸಿದ. ನೆಲ, ಮೂರು ಗೋಡೆ, ಹಿಂದಿನ ಬಾಗಿಲು ಎಲ್ಲ ಮುಚ್ಚುವಂಥದ್ದು, ದೊಡ್ಡ ಟ್ರೇಯನ್ನು ಒಳಗಿಟ್ಟ ಹಾಗೆ. ಇನ್ನು ಕಬ್ಬಿಣ ಹೇರಲಿ, ಕಲ್ಲು ಹೇರಲಿ, ಒಳಗಿನ ಬಣ್ಣಕ್ಕೆ ಒಂದು ಗೀರು ಬೀಳುವುದಿಲ್ಲ.

ಹಾಕಿದ ಅಂಗಡಿಯವನು ಎರಡು ಮಾತು ಹೇಳಿದ್ದ. "ನೆಲದ ಕೆಳಗೆ ಬ್ಯಾಟರಿ ಇದೆ, ಯಾವ ಕಾರಣಕ್ಕೂ ತೂತು ಕೊರೀಬೇಡಿ. ಬೆಲ್ಟು ಕಟ್ಟೋಕೆ ನೆಲದಲ್ಲೇ ಕೊಂಡಿ ಕೊಟ್ಟಿದ್ದಾರೆ. ಲೈನರ್ ಅದನ್ನ ಮುಚ್ಚಿದೆ. ಇಲ್ಲಿ ಗುರುತಿದೆ ನೋಡಿ, ಚಾಕುವಿನಲ್ಲಿ ಕೊಯ್ದುಕೊಂಡ್ರೆ ಕೊಂಡಿ ಮೇಲೆ ಬರುತ್ತೆ." ಮೊದಲನೆಯ ಮಾತು ಚೊಕ್ಕಣ್ಣನಿಗೆ ಅಕ್ಷರ ಅಕ್ಷರ ನೆನಪಿತ್ತು. ಎರಡನೆಯದೂ ಮರೆತಿರಲಿಲ್ಲ. ಆದರೆ ಹೊಸ ಲೈನರನ್ನು ಕೊಯ್ಯಲು ಯಾರಿಗೆ ಮನಸ್ಸು ಬರುತ್ತದೆ? ಕೊಯ್ದ ಕಡೆ ನೀರು ಇಳಿಯುತ್ತದೆ, ನೀರು ಇಳಿದರೆ ತುಕ್ಕು. ನೋಡೋಣ ಆಮೇಲೆ ಎಂದುಕೊಂಡ.

ಭಾವ ಮೊದಲ ದಿನ ಹಿಂದೆ ಹತ್ತಿ ಮಂಡಿಯೂರಿ ನೆಲವನ್ನು ಅಂಗೈಯಲ್ಲಿ ಸವರಿ ನೋಡಿದ.

"ಏನೋ ಇದು, ಎಣ್ಣೆ ಸವರಿದ ಹಾಗಿದೆ. ಇದರ ಮೇಲೆ ಸಾಮಾನು ನಿಲ್ಲುತ್ತಾ? ಕೊಂಡಿ ಎಲ್ಲಿ?"

"ಕೆಳಗಿದೆ ಭಾವ. ಕೊಯ್ಯಬೇಕು."

"ಹಾಗಾದ್ರೆ ಕೊಯ್ಯಿ."

"ಕೊಯ್ತೀನಿ. ಈಗ ಲೋಡು ಕಾಯ್ತಾ ಇದೆ, ಬನ್ನಿ."

ಅಂದು ಮಧ್ಯಾಹ್ನ ಇನ್ನೊಂದು ಸಂಗತಿ ಬಯಲಾಯಿತು. ಗಾಡಿಗೆ ಸದ್ದೇ ಇಲ್ಲ. ಹೊರಟದ್ದೂ ಗೊತ್ತಾಗುವುದಿಲ್ಲ, ನಿಂತದ್ದೂ ಗೊತ್ತಾಗುವುದಿಲ್ಲ. ಅದರ ಮೇಲೆ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸಾಕು, ಬ್ರೇಕು ಒತ್ತದಿದ್ದರೂ ಗಾಡಿ ತಾನಾಗಿಯೇ ಹಿಡಿದುಕೊಂಡು ನಿಧಾನವಾಗುತ್ತದೆ. ಆ ಮೂಲಕ ಬ್ಯಾಟರಿಗೆ ಒಂದಿಷ್ಟು ಚಾರ್ಜು ವಾಪಸು ಬರುತ್ತದೆಯಂತೆ. ಚೊಕ್ಕಣ್ಣನಿಗೆ ಅದು ಬಹಳ ಹಿಡಿಸಿತು. ಹಿಂದೆ ನಿಂತಿದ್ದ ಭಾವ ಮಾತ್ರ ಮೊದಲ ಸಿಗ್ನಲ್ಲಿನಲ್ಲೇ ಕ್ಯಾಬಿನ್ನಿಗೆ ಬೆನ್ನು ಬಡಿಸಿಕೊಂಡ. ಎರಡನೆಯ ಸಿಗ್ನಲ್ಲಿನಲ್ಲಿ ಸೋಪಿನ ಪುಡಿಯ ಚೀಲಗಳು ಬಂದು ಅವನ ಕಾಲಿನ ಮೇಲೆ ಕೂತವು. ಇಳಿದು ಬಂದಾಗ ಅವನ ಮುಖ ಸಣ್ಣದಾಗಿತ್ತು.

"ನಂಗೆ ಏನೂ ಗೊತ್ತಾಗ್ತಾ ಇಲ್ಲ ಕಣೋ" ಅಂದ. "ಯಾರೋ ಕಣ್ಣು ಕಟ್ಟಿ ತಳ್ಳಿದ ಹಾಗಾಗುತ್ತೆ."

ಅವನು ಅಷ್ಟು ಸೋತ ದನಿಯಲ್ಲಿ ಮಾತಾಡಿದ್ದನ್ನು ಚೊಕ್ಕಣ್ಣ ಕೇಳಿರಲಿಲ್ಲ. ಡಾಕ್ಟರು ಹೇಳಿದಾಗಲೂ ಹಾಗಾಗಿರಲಿಲ್ಲ. ಕೊನೆಗೆ ಇಬ್ಬರೂ ಸೇರಿ ಒಂದು ಉಪಾಯ ಮಾಡಿದರು. ನಿಧಾನ ಮಾಡುವ ಮೊದಲು ಚೊಕ್ಕಣ್ಣ ಕಿಟಕಿಯಿಂದ ಕೈ ಹೊರಗೆ ಹಾಕಿ ಕ್ಯಾಬಿನ್ನಿನ ಚಾವಣಿಗೆ ಎರಡು ಸಲ ತಟ್ಟಬೇಕು. ತಟ್ಟಿದರೆ ಭಾವ ಮೂಲೆಗೆ. ಅಷ್ಟೇ. ಭಾವನಿಗೆ ಅಷ್ಟು ಸಾಕಾಯಿತು, ಸಂಜೆ ಮನೆಗೆ ಹೋಗುವಾಗ ಸಿಳ್ಳೆ ಹಾಕುತ್ತಿದ್ದ.

ಅಕ್ಕ ಮಾತ್ರ ಊಟ ಬಡಿಸುವಾಗ, ಬೇರೆ ಕೋಣೆ ಮಾಡಿಕೊಂಡರೂ ಊಟಕ್ಕೆ ಇಲ್ಲಿಗೇ ಬರುವ ತಮ್ಮನ ತಟ್ಟೆಯ ಮುಂದೆ ಕೂತು ಹೇಳಿದಳು. "ಅವರು ಬೇಡ ಅಂದ್ರೆ ಕೇಳೋರಲ್ಲ, ಮನೇಲಿ ಕೂತ್ರೆ ಸತ್ತೇ ಹೋಗ್ತಾರೆ. ಅದಕ್ಕೆ ಕಳಿಸ್ತಾ ಇದೀನಿ. ನಿನ್ನ ಕೈಯಲ್ಲಿ ಹಾಕಿದೀನಿ ಕಣೋ ತಮ್ಮ."

"ನಾನಿಲ್ವಾ ಅಕ್ಕ" ಎಂದ ಚೊಕ್ಕಣ್ಣ. ಮನಸ್ಸಿನಿಂದಲೇ ಅಂದ.

ಕೆಲವು ವಾರ ಎಲ್ಲ ಸರಿಯಾಗಿ ನಡೆಯಿತು. ತಟ್ಟಿದ ಕೂಡಲೇ ಹಿಂದಿನಿಂದ "ಹೂಂ" ಎಂದು ಭಾವನ ದನಿ ಬರುತ್ತಿತ್ತು. ಸಿಗ್ನಲ್ಲಿನಲ್ಲಿ ಪಕ್ಕದ ಆಟೋದವನೊಬ್ಬ "ಏನಣ್ಣ, ಗಾಡಿಗೆ ತಾಳ ಹಾಕ್ತಾ ಇದೀಯಾ?" ಎಂದು ಕೇಳಿದ. ಚೊಕ್ಕಣ್ಣ ನಕ್ಕ. ಆದರೆ ಅದೊಂದು ಮುಳ್ಳು ಚುಚ್ಚಿಕೊಂಡಿತು. ಆಮೇಲೆ ಒಂದು ದಿನ ಒರೆಸುವಾಗ ಚಾವಣಿಯ ಅಂಚಿನಲ್ಲಿ ಅಂಗೈಯಗಲದ ಒಂದು ಮಂಕು ಮಚ್ಚೆ ಕಂಡಿತು. ಬೆವರು ಕೈಯಿಂದ ತಟ್ಟಿ ತಟ್ಟಿ ಹೊಳಪು ಹೋಗಿತ್ತು. ಪಾಲಿಷು ಹಾಕಿ ತಿಕ್ಕಿದ, ಹೋಗಲಿಲ್ಲ. ಅಂದಿನಿಂದ ಅವನು ಬೆರಳ ತುದಿಯಲ್ಲಿ ತಟ್ಟತೊಡಗಿದ. ಮೆಲ್ಲಗೆ ತಟ್ಟಿದರೂ ಹಿಂದಿನಿಂದ "ಹೂಂ" ಬರುತ್ತಿತ್ತು. ನೇರ ರಸ್ತೆಯಲ್ಲಿ, ಹಗುರ ಸಾಮಾನು ಇದ್ದಾಗ, ತಟ್ಟದೆಯೂ ಬಿಟ್ಟ. ಏನೂ ಆಗಲಿಲ್ಲ. ಏನೂ ಆಗದಿದ್ದುದೇ ಕೆಟ್ಟದ್ದಾಯಿತು.

ಲೈನರ್ ಕೊಯ್ಯುವ ಮಾತನ್ನು ಭಾವ ಮತ್ತೆ ಎರಡು ಮೂರು ಸಲ ಎತ್ತಿದ. ನಾಳೆ ಭಾವ, ಭಾನುವಾರ ಭಾವ, ಒಳ್ಳೆ ಚಾಕು ತರ್ತೀನಿ ಭಾವ ಎಂದು ಚೊಕ್ಕಣ್ಣ ಸಾಗಹಾಕಿದ. ಆಮೇಲೆ ಭಾವ ಕೇಳುವುದನ್ನು ಬಿಟ್ಟ. ಗಾಡಿ ಅವನದು, ಅವನಿಗೆ ಬಿಟ್ಟದ್ದು ಎಂದುಕೊಂಡನೋ ಏನೋ.

ಆ ದಿನ ಗ್ರಾನೈಟ್ ಅಂಗಡಿಯಿಂದ ಒಂದು ಹೊಸ ಮನೆಗೆ ಅಡುಗೆಕಟ್ಟೆಯ ಕಲ್ಲು ಸಾಗಿಸಬೇಕಿತ್ತು. ಚಪ್ಪಡಿಗಳನ್ನು ಮಲಗಿಸಿದರೆ ಬಿರುಕು ಬಿಡುತ್ತವೆ ಎಂದು ಮರದ ಓರೆ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿದರು. ಕಲ್ಲನ್ನು ಚೌಕಟ್ಟಿಗೆ ಬಿಗಿದು ಕಟ್ಟಿದರು. ಚೌಕಟ್ಟನ್ನು ಗಾಡಿಗೆ ಕಟ್ಟಲು ಮಾತ್ರ ಏನೂ ಇರಲಿಲ್ಲ. ಚೊಕ್ಕಣ್ಣ ಲೈನರಿಗೆ ಗೀರು ಬೀಳದಿರಲೆಂದು ಚೌಕಟ್ಟಿನ ಕಾಲುಗಳ ಕೆಳಗೆ ಹಳೆಯ ಕಂಬಳಿಯ ತುಂಡು ಮಡಿಸಿ ಇಟ್ಟ. ಜಾರುವ ನೆಲದ ಮೇಲೆ ಕಂಬಳಿ. ಅಂಗಡಿಯ ಹಮಾಲನೊಬ್ಬ ಅದನ್ನು ನೋಡಿ ಏನೋ ಹೇಳಲು ಬಾಯಿ ತೆರೆದ, ಚೊಕ್ಕಣ್ಣನ ಗಾಡಿಯ ವಿಷಯದಲ್ಲಿ ಮಾತಾಡುವುದು ಯಾಕೆ ಎಂದು ಮುಚ್ಚಿಕೊಂಡ.

ಭಾವ ಕ್ಯಾಬಿನ್ನಿಗೆ ಬೆನ್ನು ಕೊಟ್ಟು, ಚೌಕಟ್ಟಿಗೆ ಎರಡೂ ಕೈ ಕೊಟ್ಟು ನಿಂತ. "ಭಾರ ಇದೆ ಕಣೋ ಇವತ್ತು. ನೆನಪಿರಲಿ" ಅಂದ.

"ಗೊತ್ತು ಭಾವ."

ಹೊಸ ಬಡಾವಣೆಯ ರಸ್ತೆ ಅಗೆದು ಹಾಕಿದ್ದರು. ಧೂಳು ಕಣ್ಣು ಬಿಡಲಾಗದಷ್ಟು. ಚೊಕ್ಕಣ್ಣ ಸೀಟು ಹಾಳಾಗುತ್ತದೆಂದು ಕಿಟಕಿಯ ಗಾಜು ಏರಿಸಿದ. ಎದುರಿನ ಗಾಜಿನ ಮೇಲೆ ಕೂರುತ್ತಿದ್ದ ಧೂಳನ್ನು ನೋಡುತ್ತಾ, ಸಂಜೆ ತೊಳೆಯಲು ಎಷ್ಟು ಹೊತ್ತು ಬೇಕು ಎಂದು ಲೆಕ್ಕ ಹಾಕುತ್ತಾ ಬಂದ. ಅಗೆತ ಮುಗಿದು ಡಾಂಬರು ಸಿಕ್ಕಿತು, ಗಾಡಿಗೆ ವೇಗ ಬಂತು. ದೂರದಲ್ಲಿ ಶಾಲೆಯ ಮುಂದೆ ಹಂಪು ಹಾಕಿದ್ದರು. ಬಿಳಿ ಪಟ್ಟೆ ಬಳಿದಿದ್ದರು, ಪಕ್ಕದಲ್ಲಿ ಬೋರ್ಡೂ ಇತ್ತು. ಅವನಿಗೆ ಅದು ಚೆನ್ನಾಗಿ ಕಂಡಿತು. ಗಾಜು ಇಳಿಸಿ ಕೈ ಹೊರಗೆ ಹಾಕಲು ಬೇಕಾದಷ್ಟು ಸಮಯವಿತ್ತು. ಅದೂ ಬೇಡ, ಕೂತಲ್ಲಿಂದಲೇ ಒಳಚಾವಣಿಗೆ ಗುದ್ದಬಹುದಿತ್ತು, ಬಾಯಿಬಿಟ್ಟು ಕೂಗಬಹುದಿತ್ತು. ಅವನು ಆಕ್ಸಿಲರೇಟರಿನಿಂದ ಕಾಲು ತೆಗೆದ, ಅಷ್ಟೇ. ಗಾಡಿ ಸದ್ದಿಲ್ಲದೆ ಹಿಡಿದುಕೊಂಡಿತು.

ಸದ್ದು ಬಂದದ್ದು ಹಿಂದಿನಿಂದ. ಕಲ್ಲು ಒಂದೂ ಒಡೆದಿರಲಿಲ್ಲ. ಭಾವನ ಎಡಗಾಲು ಜಾರಿ ಬಂದ ಚೌಕಟ್ಟು ಮತ್ತು ಕ್ಯಾಬಿನ್ನಿನ ಗೋಡೆಯ ನಡುವೆ ಸಿಕ್ಕಿತ್ತು. ಅವನು ಕೂಗಲಿಲ್ಲ. "ಸರಿಸು, ಸರಿಸು, ಸರಿಸು" ಎಂದು ಸಣ್ಣ ದನಿಯಲ್ಲಿ ಹೇಳುತ್ತಲೇ ಇದ್ದ. ಚೊಕ್ಕಣ್ಣ ಒಬ್ಬನೇ ತಳ್ಳಿದ, ಆಗಲಿಲ್ಲ. ಶಾಲೆಯ ಕಾವಲುಗಾರ ಓಡಿ ಬಂದ, ಇನ್ನಾರೋ ಇಬ್ಬರು ಬಂದರು. ಸರಿಸಿದ ಮೇಲೆ ಭಾವನ ದನಿ ನಿಂತಿತು.

ಮೊಣಕಾಲಿನ ಕೆಳಗೆ ಉಳಿಸಿಕೊಳ್ಳುವಂಥದ್ದು ಏನೂ ಇರಲಿಲ್ಲ, ಆಸ್ಪತ್ರೆಯಲ್ಲಿ ತೆಗೆದರು.

ಭಾವನಿಗೆ ಎಚ್ಚರವಾದಾಗ ವಾರ್ಡಿನಲ್ಲಿ ಅಕ್ಕ ಒಂದು ಕಡೆ, ಚೊಕ್ಕಣ್ಣ ಒಂದು ಕಡೆ ಕೂತಿದ್ದರು. ಭಾವ ಕಾಲಿನ ಬಗ್ಗೆ ಕೇಳಲಿಲ್ಲ, ಕೈ ಚಾಚಿ ಮುಟ್ಟಿ ನೋಡಿಕೊಂಡಾಗಿತ್ತು. ಕೊನೆಗೆ ತುಟಿ ಒದ್ದೆ ಮಾಡಿಕೊಂಡು ಭಾಮೈದನ ಕಡೆಗೆ ಮುಖ ತಿರುಗಿಸಿದ.

"ತಟ್ಟಿದೆ ಅಲ್ವೇನೋ?"

ಚೊಕ್ಕಣ್ಣ ಹೊದಿಕೆಯ ಸುಕ್ಕನ್ನು ಸರಿಮಾಡಿದ.

"ನೀನು ತಟ್ಟಿರ್ತೀಯ. ನಂಗೆ ಕೇಳಿಸಲೇ ಇಲ್ಲ ಕಣೋ" ಎಂದ ಭಾವ. "ಕಣ್ಣಾಯ್ತು, ಈಗ ಕಿವಿಯೂ ಹೋಯ್ತು. ಕೇಳಿಸಿದ್ರೆ ಸರೀತಿದ್ದೆ. ಎಷ್ಟು ದಿನದಿಂದ ಹೀಗಿದೆಯೋ, ನಂಗೇ ಗೊತ್ತಾಗಿಲ್ಲ."

ಅಕ್ಕ ತಮ್ಮನ ಮುಖವನ್ನೇ ನೋಡುತ್ತಿದ್ದಳು. ಬೈಯಲು ನೋಡುತ್ತಿರಲಿಲ್ಲ, ಆಸರೆಗೆ ನೋಡುತ್ತಿದ್ದಳು. ಆ ಮುಖದ ಎದುರಿಗೆ ನಿಜ ಹೇಳುವ ಧೈರ್ಯ ಅವನಿಗೆ ಇರಲಿಲ್ಲ. ಅಂಥ ಧೈರ್ಯ ಎಲ್ಲರಿಗೂ ಇರುತ್ತದೆ ಎಂದು ಕಥೆ ಓದುವವರು ಅಂದುಕೊಳ್ಳಬಹುದು, ಅದು ಬೇರೆ ಮಾತು.

"ಹೂಂ ಭಾವ, ತಟ್ಟಿದೆ" ಎಂದ.

ಮರುದಿನ ಬೆಳಿಗ್ಗೆ ಅವನು ಲೈನರನ್ನು ಕೊಯ್ದ. ಅಡುಗೆಮನೆಯ ಚಾಕು ಸಾಕಾಯಿತು. ಗುರುತಿನ ಮೇಲೆ ಎಳೆದರೆ ಬೆಣ್ಣೆಯ ಹಾಗೆ ಬಂತು, ಒಂದು ಟೀ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಕೆಳಗೆ ಬಣ್ಣ ಷೋರೂಮಿನಿಂದ ಬಂದ ಹಾಗೆಯೇ ಇತ್ತು, ಕೊಂಡಿಗಳು ಫಳಫಳ ಅನ್ನುತ್ತಿದ್ದವು. ಅವನು ಬಾಡಿಯಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ ಎದ್ದು ಬಾಡಿಗೆಗೆ ಹೋದ, ಯಾಕೆಂದರೆ ಈಗ ಎರಡು ಮನೆಯ ಒಲೆಯೂ ಆ ಗಾಡಿಯ ಮೇಲೇ ಉರಿಯಬೇಕಿತ್ತು.

ಭಾವ ಮನೆಗೆ ಬಂದ ಮೇಲೆ ಇನ್ನೊಂದು ಬಗೆಯ ನರಕ ಶುರುವಾಯಿತು. ಅಕ್ಕ ಗಂಡನ ಜೊತೆ ಕೂಗಿ ಮಾತಾಡತೊಡಗಿದಳು. ಟೀ ಬೇಕಾ ಎಂದು ಕೇಳುವುದು ಮೂರು ಮನೆಯ ಆಚೆಗೂ ಕೇಳುತ್ತಿತ್ತು. ನೋಡಲು ಬಂದವರೂ ಅವನ ಕಿವಿಯ ಹತ್ತಿರ ಬಗ್ಗಿ, ಬಾವಿಯೊಳಗೆ ಕೂಗುವ ಹಾಗೆ ಕೂಗಿ, "ಹೇಗಿದೀರಿ?" ಎಂದು ವಿಚಾರಿಸುತ್ತಿದ್ದರು. ಟೀವಿಯ ಸದ್ದು ಗೋಡೆ ಅಲುಗಾಡುವಷ್ಟು. ಭಾವ ಹಣೆ ಒತ್ತಿಕೊಂಡು ಕೂತಿರುತ್ತಿದ್ದ. ಅವನಿಗೆ ಎಲ್ಲ ಕೇಳಿಸುತ್ತಿತ್ತು, ಆದರೆ ಕೇಳಿಸಿದ್ದರ ಮೇಲೆ ನಂಬಿಕೆ ಹೋಗಿತ್ತು. ಒಂದು ಮಾತಿಗೆ ಎರಡು ಸಲ "ಏನಂದೆ?" ಎನ್ನುತ್ತಿದ್ದ. ಕೇಳಿದ್ದು ಇಷ್ಟು, ಕೇಳದೇ ಹೋದದ್ದು ಎಷ್ಟಿದೆಯೋ ಎಂಬ ಅನುಮಾನ.

ಕಂಕುಳಿಗೆ ಊರುಗೋಲು ಕೊಟ್ಟಿದ್ದರು. ಕೈಯಲ್ಲಿ ಬಲವಿತ್ತು, ಬೇಗ ಕಲಿತ. ಅಂಗಳದವರೆಗೆ ಹೋಗುತ್ತಿದ್ದ, ಬೀದಿಗೆ ಇಳಿಯುತ್ತಿರಲಿಲ್ಲ. "ಹಿಂದಿನಿಂದ ಏನು ಬರುತ್ತೋ ಗೊತ್ತಾಗಲ್ಲ" ಎನ್ನುತ್ತಿದ್ದ. ಒಂದು ಸಂಜೆ ಚೊಕ್ಕಣ್ಣ ಬಂದಾಗ ಭಾವ ಗೇಟಿನ ಒಳಗೆ ನಿಂತು ರಸ್ತೆಯ ಕಡೆಗೆ ಮುಖ ಮಾಡಿ, ಹೋಗುವ ಗಾಡಿಗಳನ್ನು ಸದ್ದಿನ ಮೇಲೇ ಮೆಲ್ಲಗೆ ಹೆಸರಿಸುತ್ತಿದ್ದ. ಬಸ್ಸು. ಸ್ಕೂಟರು. ನೀರಿನ ಲಾರಿ, ಖಾಲಿ. ಒಂದೂ ತಪ್ಪಿರಲಿಲ್ಲ. ಚೊಕ್ಕಣ್ಣ ಅದನ್ನು ನೋಡಿ ಒಳಗೆ ಬರದೆ ಹಿಂತಿರುಗಿ ಹೋದ.

ಹೇಳಿಬಿಡಬೇಕು ಎಂದು ದಿನಾ ಅಂದುಕೊಳ್ಳುತ್ತಿದ್ದ. ಗಾಡಿ ಒರೆಸುವಾಗ ಮಾತು ಜೋಡಿಸಿಕೊಳ್ಳುತ್ತಿದ್ದ. ಮನೆಯ ಬಾಗಿಲಲ್ಲಿ ಅಕ್ಕ ಕಂಡರೆ ಎಲ್ಲ ಮರೆತುಹೋಗುತ್ತಿತ್ತು. ತುತ್ತು ಮಾಡಿ ಉಣಿಸಿದ ಅಕ್ಕ. ಅವಳು ಬಾಗಿಲು ಹಾಕಿದರೆ ಈ ಲೋಕದಲ್ಲಿ ಅವನಿಗೆ ಇನ್ನೊಂದು ಬಾಗಿಲಿರಲಿಲ್ಲ. ನಾಚಿಕೆಗಿಂತ ಅವನಿಗೆ ಭಯವೇ ದೊಡ್ಡದಾಗಿತ್ತು.

ಅಷ್ಟರಲ್ಲಿ ಅಕ್ಕ ಹೊಸ ರಾಗ ತೆಗೆದಳು. ಕಿವಿ ಡಾಕ್ಟರಿಗೆ ತೋರಿಸಬೇಕು, ಕೇಳಿಸುವ ಮಿಷನ್ ಹಾಕಿಸಬೇಕು.  ಪರೀಕ್ಷೆ ಮಾಡಿದರೆ ಏನು ಬರುತ್ತದೆ ಎಂದು ಚೊಕ್ಕಣ್ಣನೊಬ್ಬನಿಗೆ ಗೊತ್ತಿತ್ತು. ಈ ವಾರ ಲೋಡಿದೆ ಅಂದ, ಮುಂದಿನ ವಾರ ಗಾಡಿ ಸರ್ವೀಸಿಗೆ ಬಿಡಬೇಕು ಅಂದ. ಮಿಷನ್ ಹಾಕಿದರೆ ತಲೆ ಸಿಡಿಯುತ್ತದಂತೆ ಎಂದೂ ಹೆದರಿಸಿದ. ಭಾವನ ಕಾಲು ಹೋದ ಮೇಲೆ ಅಕ್ಕ ಹೊಲಿಗೆಯ ಫ್ಯಾಕ್ಟರಿ ಸೇರಿದ್ದಳು, ಅವಳಿಗೆ ರಜೆ ಸಿಗದು. ಕೊನೆಗೆ ತಾನೇ ಆಸ್ಪತ್ರೆಗೆ ಫೋನು ಮಾಡಿ ದಿನ ಗೊತ್ತುಮಾಡಿದಳು.

"ನೀನು ಕರ್ಕೊಂಡು ಹೋಗ್ತೀಯೋ, ಇಲ್ಲ ಕೆಲಸ ಬಿಟ್ಟು ನಾನು ಹೋಗ್ಲೋ?"

ಅವನು ಕರೆದುಕೊಂಡು ಹೋದ.

ಆಸ್ಪತ್ರೆಯಲ್ಲಿ ಗಾಜಿನ ಕಿಟಕಿಯಿದ್ದ ಒಂದು ಸಣ್ಣ ಪೆಟ್ಟಿಗೆಯಂಥ ಕೋಣೆ. ಭಾವನನ್ನು ಒಳಗೆ ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟು ಬಾಗಿಲು ಮುಚ್ಚಿದರು. ಸದ್ದು ಕೇಳಿದರೆ ಗುಂಡಿ ಒತ್ತಬೇಕು, ಒತ್ತಿದರೆ ಹೊರಗೆ ದೀಪ ಹತ್ತುತ್ತದೆ. ಪರೀಕ್ಷೆ ಮಾಡುವ ಹೆಂಗಸಿನ ಹಿಂದೆ ಬೆಂಚಿನ ಮೇಲೆ ಚೊಕ್ಕಣ್ಣ ಕೂತ. ಅವಳು ಒಂದು ಚಕ್ರ ತಿರುಗಿಸಿದಳು, ದೀಪ ಹತ್ತಿತು. ಇನ್ನೂ ಇಳಿಸಿದಳು, ಹತ್ತಿತು. ಇನ್ನೂ ಇಳಿಸಿದಳು. ಭಾವ ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ, ಪರೀಕ್ಷೆಗೆ ಕೂತ ಮಕ್ಕಳ ಹಾಗೆ ಭಯಭಕ್ತಿಯಿಂದ ಒತ್ತುತ್ತಿದ್ದ. ಒಂದೊಂದು ಸಲ ದೀಪ ಹತ್ತಿದಾಗಲೂ ಮುಂದಿನ ಸಲ ಹತ್ತದಿರಲಿ ಎಂದು ಚೊಕ್ಕಣ್ಣ ಬೇಡಿಕೊಳ್ಳುತ್ತಿದ್ದ. ಭಾವನ ಕಿವಿ ಕೆಟ್ಟಿರಲಿ ಎಂದು.

ಹೆಂಗಸು ಬಾಗಿಲು ತೆರೆದು ನಕ್ಕಳು. "ನಿಮ್ಮ ವಯಸ್ಸಿನವರಲ್ಲಿ ಇಂಥ ಕಿವಿ ನಾನು ನೋಡಿಲ್ಲ. ಕಿವಿ ಹೋಗಿದೆ ಅಂತ ಯಾರು ಹೇಳಿದ್ದು?"

"ನಾನೇ" ಎಂದ ಭಾವ.

ಡಾಕ್ಟರೂ ಅದನ್ನೇ ಹೇಳಿದರು. ಮಿಷನ್ ಬೇಡ, ಔಷಧಿ ಬೇಡ, ಹೋಗಿ ಬನ್ನಿ.

ಗಾಡಿಯಲ್ಲಿ ಭಾವ ಪಕ್ಕದ ಸೀಟಿನಲ್ಲಿ ಕೂತ. ಊರುಗೋಲುಗಳನ್ನು ತೊಡೆಯ ನಡುವೆ ನಿಲ್ಲಿಸಿಕೊಂಡ. ಆಸ್ಪತ್ರೆಯ ಗೇಟು ದಾಟಿದರು, ದೊಡ್ಡ ರಸ್ತೆಗೆ ಬಂದರು.  ಮುಂದೆ ಒಂದು ಹಂಪು ಇತ್ತು. ಚೊಕ್ಕಣ್ಣ ಬಹಳ ದೂರದಿಂದಲೇ ಕಾಲು ಸಡಿಲಿಸಿ, ತೊಟ್ಟಿಲು ತೂಗಿದ ಹಾಗೆ ದಾಟಿಸಿದ.

"ಆ ಶಾಲೆ ಮುಂದಿನ ಹಂಪು" ಎಂದ ಭಾವ. "ಅದೂ ಹೀಗೇ ದೂರದಿಂದ ಕಾಣಿಸ್ತಿತ್ತಾ?"

"ಕಾಣಿಸ್ತಿತ್ತು ಭಾವ."

"ನೀನು ತಟ್ಟಲಿಲ್ಲ."

"ಇಲ್ಲ."

"ಗಾಡಿ ನಿಲ್ಲಿಸು."

ರಸ್ತೆಯ ಪಕ್ಕಕ್ಕೆ ನಿಲ್ಲಿಸಿದ. ಹೊಡೆಯಲಿ, ಉಗಿಯಲಿ, ಊರುಗೋಲು ತೆಗೆದುಕೊಂಡು ಗಾಜು ಒಡೆಯಲಿ ಎಂದು ಕಾದ. ಭಾವ ಎದುರಿಗೆ ನೋಡುತ್ತಾ ಕೂತಿದ್ದ. 

"ಕಾಲಿನ ಮಾತು ಬಿಡು" ಎಂದ ಕೊನೆಗೆ. "ಈ ಕೆಲಸದಲ್ಲಿ ಕಾಲು ಹೋದವರನ್ನ ನೋಡಿದೀನಿ, ಜೀವ ಹೋದವರನ್ನೂ ನೋಡಿದೀನಿ. ನಿನ್ನ ಕೈ ಮರೀತು, ಸರಿ. ಆದ್ರೆ ಆಮೇಲೆ? ನನ್ನ ಮನೇಲಿ ಕೂತು, ನನ್ನ ಎದುರಿಗೆ ಉಂಡು, ನನ್ನ ಕಿವಿಗೆ ಅವರೆಲ್ಲ ಕಿರುಚೋದನ್ನ ನೋಡ್ತಾ ಇದ್ಯಲ್ಲೋ. ನಂಗೆ ಇದ್ದಿದ್ದು ಅದೊಂದೇ ಕಣೋ. ಅದೂ ಹೋಯ್ತು ಅಂತ ಗೋಡೆ ಕಡೆ ತಿರುಗಿ ಅತ್ತಿದೀನಿ ನಾನು."

ಚೊಕ್ಕಣ್ಣ ಸ್ಟೇರಿಂಗಿಗೆ ಹಣೆ ಹಚ್ಚಿದ. "ಇವತ್ತೇ ಅಕ್ಕನಿಗೆ ಹೇಳ್ತೀನಿ ಭಾವ. ಹೇಳಿಬಿಡ್ತೀನಿ. ಅವಳು ಏನು ಬೇಕಾದ್ರೂ ಮಾಡಲಿ."

 ಲಾರಿಯೊಂದು ಪಕ್ಕದಲ್ಲಿ ಹಾದು ಹೋಯಿತು, ಅದರ ಸದ್ದು ಪೂರ್ತಿ ಅಡಗುವವರೆಗೆ ಭಾವ ಕೇಳುತ್ತಾ ಕೂತ.

"ಹೇಳಬೇಡ" ಅಂದ. "ಹೇಳಿದ್ರೆ ಅವಳು ನಿನ್ನ ಮುಖ ನೋಡಲ್ಲ. ಅವಳ ಹಟ ನಂಗೆ ಗೊತ್ತು. ಆಮೇಲೆ ಅವಳಿಗೆ ಯಾರಿದಾರೆ? ನಾನಿದೀನಾ? ಅರ್ಧ ಕಣ್ಣು, ಒಂದು ಕಾಲು. ನಾನು ಹೋದ ಮೇಲೆ ಅವಳ ಬಾಗಿಲಿಗೆ ಬರೋನು ಒಬ್ಬ ಇರಬೇಕಲ್ಲ. ನಿನಗೋಸ್ಕರ ಹೇಳ್ತಾ ಇಲ್ಲ, ನೀನು ಹಾಗೆ ತಿಳ್ಕೊಬೇಡ."

"ಮತ್ತೆ ಡಾಕ್ಟರು ಏನಂದ್ರು ಅಂತ ಕೇಳಿದ್ರೆ?"

"ನರ ಸತ್ತಿದೆ, ಮಿಷನ್ ಹಾಕಿದ್ರೂ ಪ್ರಯೋಜನ ಇಲ್ಲ ಅಂದ್ರು ಅಂತ ಹೇಳು. ಕಣ್ಣಿಗೂ ಹಾಗೇ ಅಂದಿದ್ರಲ್ಲ, ನಂಬ್ತಾಳೆ. ನಡಿ ಈಗ."

ಮನೆಗೆ ಬಂದಾಗ ಅಕ್ಕ ಆಗಷ್ಟೇ ಕೆಲಸದಿಂದ ಬಂದು ಮೆಟ್ಟಿಲ ಮೇಲೆ ಕೂತಿದ್ದಳು. ಬಟ್ಟೆಯ ಮೇಲೆಲ್ಲ ದಾರದ ಎಳೆಗಳು ಅಂಟಿಕೊಂಡಿದ್ದವು. ಎದ್ದು ಬಂದು ಗಂಡನನ್ನು ಇಳಿಸಿಕೊಂಡು, ಕುರ್ಚಿಯಲ್ಲಿ ಕೂರಿಸಿ, ಕಿವಿಯ ಹತ್ತಿರ ಬಾಯಿ ತಂದು ಕೂಗಿದಳು.

"ಏನಂದ್ರು ರೀ?"

ಭಾವ ಅಂಗೈಯನ್ನು ಕಿವಿಗೆ ಮರೆ ಮಾಡಿ ಹಿಡಿದ. "ಆಂ?"

ಅಕ್ಕ ತಮ್ಮನ ಕಡೆ ತಿರುಗಿದಳು. ಚೊಕ್ಕಣ್ಣ ಹೇಳಿದ. ನರ ಸತ್ತಿದೆಯಂತೆ, ಮಿಷನ್ ಹಾಕಿದರೂ ಅಷ್ಟೇ, ಹಾಕದಿದ್ದರೂ ಅಷ್ಟೇ ಅಂತೆ. ಹೇಳುತ್ತಲೇ ಮುಖ ಅತ್ತ ತಿರುಗಿಸಿಕೊಂಡ. ಅಕ್ಕ ಅದನ್ನು ತನ್ನ ಗಂಡನ ಮೇಲಿನ ಮರುಕ ಎಂದುಕೊಂಡು ಅವನ ತೋಳು ಸವರಿದಳು.

ಆಮೇಲೆ ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತಳು. ಗಂಡನ ತಲೆ ಅವಳ ಕೈಗೆ ತಾಗುವಷ್ಟು ಹತ್ತಿರವಿತ್ತು. ಎಷ್ಟೋ ದಿನಗಳ ಮೇಲೆ ಅವಳ ದನಿ ಮಾಮೂಲಿ ಸಣ್ಣ ದನಿಯಾಗಿತ್ತು. ಮನೆಯೊಳಗೆ ಕೇಳಿಸಿಕೊಳ್ಳುವವನು ತಮ್ಮ ಒಬ್ಬನೇ ಎಂಬ ಧೈರ್ಯದ ಮೇಲೆ ಅವಳು ಮಾತಾಡಿದಳು.

"ನಂಗೆ ಸಾಕಾಗಿದೆ ಕಣೋ ತಮ್ಮ. ಎತ್ತಿ ಕೂರಿಸು, ಇಳಿಸು, ಕೂಗು. ಹಗಲೆಲ್ಲ ಅಲ್ಲಿ ದುಡಿದು ಬಂದು ಮತ್ತೆ ಇಲ್ಲಿ. ಒಂದೊಂದು ಸಲ ಅನ್ಸುತ್ತೆ, ಅವತ್ತು ಕಲ್ಲು ಕಾಲಿಗೆ ಬೀಳೋ ಬದಲು ಇವರ ಎದೆ ಮೇಲೇ ಬಿದ್ದಿದ್ರೆ ಇವರೂ ಬಿಡುಗಡೆ ಆಗ್ತಿದ್ರು, ನಾನೂ ಆಗ್ತಿದ್ದೆ."

ಚೊಕ್ಕಣ್ಣ ಭಾವನ ಮುಖ ನೋಡಿದ. ಅಲ್ಲಿ ಏನೂ ಕದಲಲಿಲ್ಲ. ರೆಪ್ಪೆ ಒಂದು ಸಲ ಬಡಿಯಿತು, ಅಷ್ಟೇ. ಕೈ ಇನ್ನೂ ಕಿವಿಯ ಹಿಂದೆಯೇ ಇತ್ತು.

"ಏನಂತೆ?" ಎಂದು ಕೇಳಿದ ಭಾವ, ಯಾರನ್ನೂ ನೋಡದೆ.

ಅಕ್ಕ ಕಣ್ಣು ಒರೆಸಿಕೊಂಡು, ಬಗ್ಗಿ, ಅವನ ಕಿವಿಯೊಳಗೆ ಜೋರಾಗಿ ಕೂಗಿದಳು. "ಏನಿಲ್ಲ ರೀ. ಟೀ ಕುಡೀತೀರಾ ಅಂದೆ."

"ಹೂಂ, ಕೊಡು" ಎಂದ ಭಾವ.